ಹಾರಿ ಹೋದದ್ದನ್ನು ಮತ್ತೆ ಹಾರಿಸಿದ ಸ್ವಾಮಿ

1984ರ ಶಿವರಾತ್ರಿ ಮುಗಿದ ವಾರವೇ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯಲು ಬಗ್ಗಿದವರು ಅಲ್ಲೇ ಕುಸಿದರು. ಬಲಗೈ, ಬಲಗಾಲು ಎರಡೂ ಹೋದವು, ಮಾತೂ ನಿಂತಿತು. ದೇವದುರ್ಗದಿಂದ ರಾಯಚೂರಿನ ದವಾಖಾನೆಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ನೋಡಿ, ಜೀವಕ್ಕೆ ಭಯವಿಲ್ಲ, ಆದರೆ ಕೈಯೂ ಮಾತೂ ಯಾವಾಗ ಬರುತ್ತವೋ ಹೇಳಲಾರೆ ಎಂದರು.

ಭಕ್ತ ಬಂಧುಗಳೇ, ನಾನು ಈರಮ್ಮ, ಮಸರಕಲ್ಲಿನ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ದೇವಸುಗೂರಿನ ಸುಗೂರೇಶ್ವರ ನಮ್ಮ ಮನೆದೇವರು. ಯಜಮಾನರದು ದೇವದುರ್ಗದಲ್ಲಿ ಫೋಟೊ ಸ್ಟುಡಿಯೋ. ಅವರು ಫೋಟೊ ತೆಗೆಯುತ್ತಿದ್ದರು. ನಾನು ಒಳಗೆ ಕುಳಿತು ಫಿಲ್ಮ್ ತೊಳೆದು, ಸಣ್ಣ ಪೆನ್ಸಿಲ್ಲಿನಿಂದ ನೆಗೆಟಿವಿನ ಮೇಲೆ ಮುಖದ ಕಲೆ ತಿದ್ದುತ್ತಿದ್ದೆ. ನಮ್ಮೂರಿನ ಎಷ್ಟೋ ಮದುಮಕ್ಕಳ ಮೊಡವೆ ನನ್ನ ಪೆನ್ಸಿಲ್ಲಿಗೆ ಗೊತ್ತು. ಆದರೆ ಕ್ಯಾಮೆರಾ ಮಾತ್ರ ಒಂದು ದಿನವೂ ಹಿಡಿದವಳಲ್ಲ.

ಯಜಮಾನರ ಅಣ್ಣ, ನಮ್ಮ ಬಾವನವರದು ಮಾನ್ವಿಯಲ್ಲಿ ಗೊಬ್ಬರದ ಅಂಗಡಿ. ಸ್ಟುಡಿಯೋ ಇದ್ದ ಮಳಿಗೆ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ತಮ್ಮನನ್ನು ನೋಡಲು ದವಾಖಾನೆಗೆ ಬಂದವರು ನನ್ನನ್ನು ಹೊರಗೆ ಕರೆದರು.

"ಯವ್ವಾ, ತಮ್ಮ ಇನ್ನ ಕ್ಯಾಮೆರಾ ಹಿಡಿಯೂದು ಕನಸಿನ ಮಾತು. ಮಳಿಗಿ ಖಾಲಿ ಮಾಡು. ಅಲ್ಲಿ ಗೊಬ್ಬರದ ದುಕಾನ ಹಾಕ್ತೀನಿ. ನಿಮಗಿಬ್ಬರಿಗೂ ಕೂಳಿಗೇನು ಕಮ್ಮಿ ಮಾಡಂಗಿಲ್ಲ."

ಆ 'ಕೂಳು' ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. "ಬಾವಾರ, ಸ್ಟುಡಿಯೋ ನಾ ನಡಸ್ತೀನ್ರಿ" ಎಂದೆ.

ಅವರು ನಕ್ಕರು. ನಗಲಿ ಎಂದು ನಾನು ಇನ್ನೊಂದು ಮಾತು ಸೇರಿಸಿದೆ. ಆ ಬೇಸಿಗೆಯಲ್ಲಿ ನಮ್ಮ ದೇಶದವರೊಬ್ಬರು ರಷ್ಯಾದವರ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋಗುವವರಿದ್ದರು. ದೇವದುರ್ಗದಲ್ಲಿ ಟಿ.ವಿ. ನೋಡಿದವರೇ ಕಡಿಮೆ. ಹೈಸ್ಕೂಲಿನ ಹೆಡ್‌ಮಾಸ್ತರರು, ಟಿ.ವಿ. ಇರುವ ಕಡೆ ಹೋಗಿ, ತಯಾರಿಯಿಂದ ಹಿಡಿದು ಭೂಮಿಗೆ ಇಳಿಯುವ ತನಕ ಪರದೆಯ ಮೇಲೆ ಕಂಡದ್ದನ್ನೆಲ್ಲ ಫೋಟೊ ತೆಗೆದುಕೊಡಿ, ಮಕ್ಕಳಿಗೆ ತೋರಿಸೋಣ ಎಂದು ಯಜಮಾನರಿಗೆ ಹೇಳಿದ್ದರು. ಯಜಮಾನರು ಒಪ್ಪಿಕೊಂಡಿದ್ದರು. ಆ ಕೆಲಸ ನಾನೇ ಮಾಡುತ್ತೇನೆ ಎಂದುಬಿಟ್ಟೆ.

"ಕುರಿ ಹಿಂದ ಬೆಳೆದಾಕಿ ರಾಕೆಟ್ ಹಿಂದ ಹೊಂಟಿಯೇನು?" ಎಂದರು ಬಾವನವರು. "ಆತು. ತಯಾರಿ, ಹಾರೂದು, ಇಳಿಯೂದು, ಒಂದೂ ಬಿಡದಂಗ ತಗೊಂಡು ಬಾ. ಮಳಿಗಿ ತಂಟೆಗೆ ನಾ ಬರಂಗಿಲ್ಲ. ಒಂದು ತಪ್ಪಿದ್ರೂ ಕೀಲಿಕೈ ನನ್ನ ಕೈಗೆ ಕೊಡಬೇಕು."

"ಕೊಡ್ತೀನ್ರಿ" ಎಂದೆ.

ಯುಗಾದಿಯ ಮರುದಿನ ರಾಕೆಟ್ ಹಾರುವುದಿತ್ತು. ಶಕ್ತಿನಗರದ ಕಾಲೊನಿಯಲ್ಲಿ ಎಂಜಿನಿಯರ್ ಒಬ್ಬರ ಮನೆಯಲ್ಲಿ ಟಿ.ವಿ. ಇತ್ತು. ಅವರ ಹೆಂಡತಿ ಮೈಸೂರಿನ ಕಡೆಯವರು. ಅವರ ಮದುವೆಯ ಹಳೆಯ ಫೋಟೊ ಹರಿದಾಗ ನಾನೇ ತಿದ್ದಿ ಕೊಟ್ಟಿದ್ದೆ, ಆ ಪರಿಚಯ. ರಾಯಚೂರಿನಲ್ಲಿ ಬಸ್ಸು ಬದಲಿಸಿ ಸಂಜೆಯ ಹೊತ್ತಿಗೆ ಹೋದಾಗ ಅರ್ಧ ಕಾಲೊನಿ ಅಲ್ಲೇ ಕೂತಿತ್ತು. ಪರದೆಯ ಮೇಲೆ ಮೂವರು ದಪ್ಪ ಬಟ್ಟೆ ತೊಟ್ಟು ಕೈ ಬೀಸಿದರು. ಮದುವೆ ಮನೆಗಳಲ್ಲಿ ಯಜಮಾನರು ಫ್ಲ್ಯಾಶ್ ಹೊಡೆಯುವುದನ್ನು ನೋಡಿದ್ದೆನಲ್ಲ, ನಾನೂ ಹೊಡೆದೆ. ಬೆಂಕಿ ಉಗುಳುತ್ತ ರಾಕೆಟ್ ಎದ್ದಾಗಲೂ ಹೊಡೆದೆ. ಹನ್ನೆರಡು ಫೋಟೊದ ಒಂದು ರೋಲು ಪೂರಾ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮರುದಿನ ದೇವದುರ್ಗದಲ್ಲಿ ಫಿಲ್ಮ್ ತೊಳೆದು ಪ್ರಿಂಟ್ ಹಾಕಿದೆ. ಹನ್ನೆರಡರಲ್ಲೂ ಟಿ.ವಿ.ಯ ಗಾಜಿನ ಮೇಲೆ ಬಿಳಿಯ ಬೆಳಕಿನ ಉಂಡೆ, ಅದರ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತ ನನ್ನದೇ ನೆರಳು. ರಾಕೆಟ್ಟೂ ಇಲ್ಲ, ಮನುಷ್ಯರೂ ಇಲ್ಲ.

ಬಾವನವರು ಮಾನ್ವಿಯಿಂದ ಅದನ್ನೇ ನೋಡಲು ಬಂದಿದ್ದರು. "ರಾಕೆಟ್ ತೆಗೆಯಾಕ ಹೋಗಿ ನಿನ್ನ ಫೋಟೊ ನೀನೇ ತಗೊಂಡು ಬಂದಿ ನೋಡವ್ವಾ! ಹೋಗೂದು ಹೋತಲ್ಲ. ಅದೇನು ಮಾನ್ವಿ ಬಸ್ಸೇನು, ತಾಸಿಗೊಮ್ಮೆ ಬಿಡಾಕ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರಲಿ, ಇಳಿಯೂ ತನಕ ಕೀಲಿಕೈ ನಿನ್ನ ಹತ್ರಾನೇ ಇರಲಿ" ಎಂದು ದೊಡ್ಡ ಮನಸ್ಸು ಬೇರೆ ಮಾಡಿದರು.

ಆ ಫೋಟೊಗಳನ್ನು ದವಾಖಾನೆಗೆ ಒಯ್ದು ಯಜಮಾನರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು. ತುಟಿ ಅದುರಿತು, ಎಡಗೈ ಎತ್ತಿದರು. "ತ... ತಡಿ" ಎಂದರು.

ತಿಂಗಳ ಮೇಲಾಗಿತ್ತು ಅವರ ಬಾಯಿಂದ ಮಾತು ಬಂದು. ನರ್ಸು ಖುಷಿಯಿಂದ ಡಾಕ್ಟರನ್ನು ಕರೆಯಲು ಓಡಿದಳು. ನನಗೆ ಮಾತ್ರ ದುಃಖ ಒತ್ತಿ ಬಂತು. "ನಿಲ್ಲಸು, ಸಾಕು ಅಂತ ನೀವೂ ಅನ್ನಾಕತ್ತೀರೇನ್ರಿ?" ಎಂದೆ. ಅವರು ಮತ್ತೆ "ತಡಿ" ಎಂದರು, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಲಾಗದೆ ಎದ್ದು ಹೊರಗೆ ಬಂದೆ.

ಏಪ್ರಿಲ್ ಹನ್ನೊಂದಕ್ಕೆ ಅವರು ಭೂಮಿಗೆ ಇಳಿಯುವುದೆಂದು ಸುದ್ದಿ ಬಂತು. ಅವತ್ತು ಮಧ್ಯಾಹ್ನ ಶಕ್ತಿನಗರಕ್ಕೆ ಹೋಗುವ ಮೊದಲು ದೇವಸುಗೂರಿನಲ್ಲಿ ಇಳಿದೆ. ಹೊಳೆಯಲ್ಲಿ ಕಾಲು ತೊಳೆದು ನೇರ ಸ್ವಾಮಿಯ ಮುಂದೆ ನಿಂತೆ. ನನ್ನ ಪಕ್ಕದಲ್ಲಿ ಜನ ಹರಕೆ ಹೊರುತ್ತಿದ್ದರು. ನನಗೆ ಹರಕೆಯ ಮನಸ್ಸಿರಲಿಲ್ಲ, ಜಗಳದ ಮನಸ್ಸಿತ್ತು.

"ಯಪ್ಪಾ, ನಾ ಏನೂ ಹರಕಿ ಹೊರಂಗಿಲ್ಲ" ಎಂದೆ. "ಹುಟ್ಟಿದಾಗಿಂದ ಹಣಿಗೆ ನಿನ್ನ ಭಂಡಾರ ಹಚ್ಚಿಕೊಂಡೀನಿ, ಅಷ್ಟು ಸಾಕು. ಹಾರಿ ಹೋದದ್ದನ್ನ ಮತ್ತ ಹಾರಸು. ಇವತ್ತ ಹಾರಸು, ನನ್ನ ಕಣ್ಣಮುಂದ ಹಾರಸು. ಆಗಂಗಿಲ್ಲಾಂದ್ರ ಆಗಂಗಿಲ್ಲ ಅಂತ ಹೇಳು, ನಾ ಕೀಲಿಕೈ ಕೊಟ್ಟು ಮನ್ಯಾಗ ಕುಂದರ್ತೀನಿ."

ದನಿ ದೊಡ್ಡದಾಗಿರಬೇಕು, ಎಲ್ಲರೂ ತಿರುಗಿ ನೋಡಿದರು. ವಯಸ್ಸಾದ ಪೂಜಾರಿಯವರು ಹತ್ತಿರ ಬಂದರು. "ಯಾಕವ್ವಾ, ದೇವರ ಮ್ಯಾಲೆ ಬಾಯಿ ಮಾಡಾಕತ್ತೀ?" ಎಂದವರು ಹೆಗಲ ಮೇಲಿನ ಕ್ಯಾಮೆರಾ ಚೀಲ ನೋಡಿ ಗುರುತು ಹಿಡಿದರು. "ನೀ ದೇವದುರ್ಗದ ಫೋಟೊದವರ ಮನಿಯಾಕಿ ಅಲ್ಲೇನು? ನಿನ್ನ ಗಂಡ ಭಾಳ ಶಾಣ್ಯಾ ಬಿಡವ್ವ. ಸ್ವಾಮಿ ಫೋಟೊ ತೆಗೆಯಾಕ ಬಂದಾಗ ಆ ಮಿಂಚಿನ ಬೆಳಕು ಬ್ಯಾಡಪ್ಪಾ ಅಂದೆ. 'ಬ್ಯಾಡ್ರಿ, ದೀಪದ ಬೆಳಕು ಸಾಕು' ಅಂದ. ಕ್ಯಾಮೆರಾ ಅಲುಗದಂಗ ಇಟ್ಟು, 'ತಡಿ, ತಡಿ' ಅಂತ ತನಗ ತಾನೇ ಅನಕೊಂತ ತೆಗೆದ."

ಆಗ ನನಗೆ ಹೊಳೆಯಿತು. ಯಜಮಾನರು ನಿಲ್ಲಿಸು ಎಂದು ಹೇಳಿರಲಿಲ್ಲ. ದೀಪಕ್ಕಿರುವಂತೆ ಟಿ.ವಿ.ಗೂ ತನ್ನದೇ ಬೆಳಕಿದೆ, ಫ್ಲ್ಯಾಶ್ ಬೇಡ, ಶಟರ್ ಬೇಗ ಮುಚ್ಚದೆ ತಡೆದು ಹಿಡಿ ಎಂದು ಪಾಠ ಹೇಳಿದ್ದರು. ಮಾತು ಸತ್ತ ಬಾಯಲ್ಲಿ ಸ್ವಾಮಿ ಆ ಒಂದೇ ಮಾತು ಹುಟ್ಟಿಸಿದ್ದ, ನಾನು ಹುಚ್ಚಿ ಅದಕ್ಕೇ ಅತ್ತಿದ್ದೆ. ಈಗ ನಗು ಬಂತು. ಕೈ ಮುಗಿದೆ, ಆದರೆ, "ಹಾರಸೂದು ಇನ್ನೂ ಬಾಕಿ ಅದ, ಮರೀಬ್ಯಾಡ" ಎಂದು ಹೇಳಿಯೇ ಹೊರಟೆ.

ಕಾಲೊನಿಯ ಮನೆಯಲ್ಲಿ ಕಿಟಕಿಗಳಿಗೆ ಪರದೆ ಎಳೆಸಿದೆ. ಒಂದು ಸ್ಟೂಲು, ಅದರ ಮೇಲೆ ಅಕ್ಕಿ ಡಬ್ಬಿ, ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಶಟರ್ ನಿಧಾನಕ್ಕೆ ಮುಚ್ಚುವಂತೆ ತಿರುಗಿಸಿ ಇಟ್ಟೆ. ಸಂಜೆ ಸುದ್ದಿ ಶುರುವಾಯಿತು. ಮೊದಲಿಗೇ ಇಳಿಯುವುದನ್ನು ತೋರಿಸುತ್ತಾರೆಂದು ಕಣ್ಣಿಟ್ಟು ಕೂತರೆ, ಪರದೆಯ ಮೇಲೆ ಮೂವರು ತಾಲೀಮು ಮಾಡುತ್ತಿದ್ದಾರೆ! ಆಮೇಲೆ ಆ ದಪ್ಪ ಬಟ್ಟೆ ತೊಟ್ಟರು. ಆಮೇಲೆ ಕೈ ಬೀಸಿದರು. ಆಮೇಲೆ ರಾಕೆಟ್ಟಿನ ಬುಡದಲ್ಲಿ ಹೊಗೆ ಎದ್ದಿತು.

"ಅಕ್ಕಾರ, ಮತ್ತ ಹಾರಾಕತ್ತದ್ರೀ!" ಎಂದು ಕೂಗಿದೆ.

"ಟೀವೀಲಿ ಮತ್ತೆ ಮತ್ತೆ ತೋರಿಸ್ತಾರೆ ಕಣ್ರೀ" ಎಂದು ಎಂಜಿನಿಯರ ಹೆಂಡತಿ ನಕ್ಕರು.

ಜೀವನದಲ್ಲಿ ಟಿ.ವಿ. ನೋಡಿದ್ದೇ ಅದು ಎರಡನೇ ಸಲ, ನನಗೆ ಅದು ಹೇಗೆ ಗೊತ್ತಿರಬೇಕು? ಉಸಿರು ಬಿಗಿಹಿಡಿದು ತೆಗೆದೆ. ರಾಕೆಟ್ ಏರಿತು, ತೆಗೆದೆ. ದೊಡ್ಡ ಛತ್ರಿ ಬಿಚ್ಚಿಕೊಂಡು ಅವರು ಕೂತಿದ್ದ ಗೂಡು ಇಳಿಯಿತು, ತೆಗೆದೆ. ಬಯಲಿನಲ್ಲಿ ಮೂವರನ್ನೂ ಕುರ್ಚಿಗಳಲ್ಲಿ ಕೂರಿಸಿದರು, ಅದನ್ನೂ ತೆಗೆದೆ.

ಹನ್ನೆರಡರಲ್ಲಿ ಎರಡು ಕದಲಿದ್ದವು. ಉಳಿದ ಹತ್ತರಲ್ಲಿ ತಯಾರಿ, ಹಾರುವುದು, ಇಳಿಯುವುದು ಎಲ್ಲವೂ ಇದ್ದವು. ಬಾವನವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿಯೂ ನೋಡಿದರು. ಚಹಾ ಕುಡಿದು, "ನಡಸವ್ವಾ" ಎಂದಷ್ಟೇ ಹೇಳಿ ಮಾನ್ವಿಯ ಬಸ್ಸು ಹತ್ತಿದರು. ಮಾತಿಗೆ ತಪ್ಪಲಿಲ್ಲ, ಅದನ್ನೂ ಇಲ್ಲಿ ಹೇಳಬೇಕು. ಇವತ್ತಿಗೂ ಸ್ಟುಡಿಯೋ ನಾನೇ ನಡೆಸುತ್ತಿದ್ದೇನೆ, ಮದುವೆಗಳಿಗೂ ನಾನೇ ಹೋಗುತ್ತೇನೆ.

ಫೋಟೊಗಳನ್ನು ಶಾಲೆಯ ಗೋಡೆಗೆ ಹಾಕಿದ ದಿನ ಹೆಡ್‌ಮಾಸ್ತರರು, "ಈರಮ್ಮಾ, ಟಿ.ವಿ.ಯವರು ಹೆಂಗೂ ತೋರಸ್ತಿದ್ರು, ಇದರಾಗ ದೇವರದೇನದ?" ಎಂದರು. ಬಲ್ಲವರು, ಅವರಿಗೆ ನಾನೇನು ಹೇಳಲಿ? ಕೇಳಿದವಳು ನಾನು, ಕೇಳಿದ್ದು ದೇವಸುಗೂರಿನಲ್ಲಿ, ಸಿಕ್ಕಿದ್ದು ಅವತ್ತೇ ಸಂಜೆ. ಯಾರ ಕೈಯಿಂದ ಕೊಡಿಸಬೇಕೆಂಬುದು ಸ್ವಾಮಿಗೆ ಬಿಟ್ಟದ್ದು. ನಗುವವರು ನಗಲಿ, ನಾನು ಈ ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಯಜಮಾನರು ಈಗ ಗೋಡೆ ಹಿಡಿದು ನಡೆಯುತ್ತಾರೆ. ಮಾತು ಮುಕ್ಕಾಲು ಪಾಲು ಬಂದಿದೆ, ನಾನು ತೆಗೆದ ಫೋಟೊಗಳಲ್ಲಿ ತಪ್ಪು ಹುಡುಕಿ ಬೈಯುವಷ್ಟು ಬಂದಿದೆ. ಬಲಗೈ ಮಾತ್ರ ಇನ್ನೂ ಬಂದಿಲ್ಲ. ಭಕ್ತ ಬಂಧುಗಳೇ, ಹೋದ ಸೋಮವಾರ ದೇವಸುಗೂರಿಗೆ ಹೋಗಿದ್ದೆ. ಕೊಟ್ಟದ್ದಕ್ಕೆಲ್ಲ ಮನಸಾರೆ ಅಡ್ಡಬಿದ್ದೆ. ಎದ್ದು ನಿಂತು, "ಯಪ್ಪಾ, ಬಲಗೈ ಎಲ್ಲಿ?" ಎಂದು ಕೇಳಿದೆ. ಕೊಡುವ ತನಕ ಕೇಳುತ್ತೇನೆ.