ಗಾಜಿನ ಕಿಟಕಿಯ ಸೀಟ್ ಬೆಲ್ಟ್

ಸೀಟ್ ಬೆಲ್ಟಿಗೆ ನಾನು ಕೊಟ್ಟಿದ್ದು ಆರು ಸಾವಿರ ಯೆನ್. ಹೊಸದಕ್ಕೆ ಮೂವತ್ತು ಸಾವಿರವಾಗುತ್ತಿತ್ತು. ಯಜಮಾನರು, ಮಗಳು, ನಾನು ಸೇರಿ ಜಪಾನಿನ ಕಾವಾಸಾಕಿ ಊರಿನ ಬಾಡಿಗೆ ಶೆಡ್ಡಿನಲ್ಲಿ ಅರವತ್ತರ ದಶಕದ ಕಾರೊಂದನ್ನು ವೇಗದ ಓಟಕ್ಕೆ ಕಟ್ಟಿ ನಿಲ್ಲಿಸುವಷ್ಟರಲ್ಲಿ ಕೈ ಬರಿದಾಗಿತ್ತು. ಹಳೇ ಬಿಡಿಭಾಗಗಳ ಅಂಗಡಿಯ ಓನೋ ಸಾನ್, ನಾನು ಬೆಲ್ಟ್ ಮುಟ್ಟಿದೊಡನೆ ಹಲ್ಲಿನ ಸಂದಿಯಿಂದ ಉಸಿರೆಳೆದು ತಲೆ ವಾರೆ ಮಾಡಿದರು. ಬೆಲೆ ಇಳಿಯುವ ಸೂಚನೆ ಎಂದುಕೊಂಡು ಇನ್ನಷ್ಟು ಜಗ್ಗಿದೆ. ಕೊನೆಗೆ ಅವರು ಮಣಿದರು. "ಭಾನುವಾರ ಮಗಳೇ ಓಡಿಸ್ತಾಳೆ" ಎಂದು ಜಾಗವನ್ನೂ ಹೇಳಿ, ಗೆದ್ದವಳಂತೆ ಬಂದೆ.

ಆ ಭಾನುವಾರ ಪಾಳುಬಿದ್ದ ರನ್‌ವೇಯಲ್ಲಿ ಹವ್ಯಾಸಿಗಳ ಪ್ರಯೋಗ ಓಟ. ಮಗಳು ಬೆಲ್ಟ್ ಬಿಗಿದು ಕೂತಿದ್ದಳು. ಮುಂದೆ ಇನ್ನೆರಡೇ ಕಾರು. ಅಷ್ಟರಲ್ಲಿ ಓನೋ ಸಾನ್ ಹೊಸ ಬೆಲ್ಟ್ ಹಿಡಿದು ಏದುಸಿರು ಬಿಡುತ್ತಾ ಓಡಿಬಂದರು. "ಸುಮಿಮಾಸೆನ್, ಕ್ಷಮಿಸಿ" ಎಂದು ಬಗ್ಗಿ, ಮಗಳ ಹೆಗಲ ಮೇಲಿದ್ದ ಬೆಲ್ಟಿನ ಹೊಲಿಗೆಗೆ ಉಗುರು ಹಾಕಿದರು. ದಾರ ಪುಡಿಪುಡಿಯಾಗಿ ಉದುರಿತು. ಅಂಗಡಿಯ ಗಾಜಿನ ಕಿಟಕಿಯ ಬಿಸಿಲಲ್ಲಿ ವರ್ಷಗಟ್ಟಲೆ ಅಂದಕ್ಕೆಂದು ನೇತಾಡಿದ್ದ ಬೆಲ್ಟ್ ಅದು. ಅಂದು ಅವರು ಉಸಿರೆಳೆದದ್ದು, ಜಪಾನಿಯರ ರೀತಿಯಲ್ಲಿ, "ಇದನ್ನು ಕೊಡಲಾರೆ" ಎನ್ನಲು. ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದು ಅವರೇ ಕ್ಷಮೆ ಕೇಳುತ್ತಿದ್ದರು!

"ಮಗಳ ಜೀವಕ್ಕೂ ಚೌಕಾಸೀನೇನೇ?" ಎಂದರು ಯಜಮಾನರು. ಮಗಳು, "ಅಮ್ಮಾ, ಆಮೇಲೆ ಅಳು. ಫಸ್ಟ್ ಇದನ್ನ ಬಿಚ್ಚು" ಎಂದಳು. ಬಿಚ್ಚಿದೆ. ಹೊಸದಕ್ಕೆ ಅವರು ಕೇಳಿದಷ್ಟೂ ಕೊಟ್ಟೆ.

ಚೌಕಾಸಿ ಬಿಡಿ ಎಂದು ನಿಮಗೆ ಹೇಳಲಾರೆ, ನಾನೇ ಬಿಟ್ಟಿಲ್ಲ. ಆದರೆ ಜೀವ ಕಾಯುವ ವಸ್ತುವನ್ನು ಮಾರಲು ಅಂಗಡಿಯವರು ಹಿಂದೆಮುಂದೆ ನೋಡಿದರೆ, ಬೆಲೆ ಕೇಳುವ ಮೊದಲು ಕಾರಣ ಕೇಳಿ.