ಎದುರುಮನೆಯವರ ಗೇರಿಲ್ಲದ ಕಾರು

ಎದುರುಮನೆಯವರು ಸಿವಿಟಿ ಕಾರು ಕೊಂಡ ದಿನದಿಂದ ನನ್ನ ಹೊಟ್ಟೆಯುರಿ ಆರಿಲ್ಲ. ಬೀದಿಯಲ್ಲಿ ಯಾರೇ ಸಿಕ್ಕಲಿ, “ಕ್ಲಚ್ಚಿಲ್ಲ, ಗೇರು ಹಾಕೋ ತಾಪತ್ರಯ ಇಲ್ಲ, ಹೊಟ್ಟೆಯೊಳಗಿನ ನೀರೂ ಅಲ್ಲಾಡಲ್ಲ” ಎಂದು ಶುರುಮಾಡುತ್ತಾರೆ. ನಂಬದವರ ಕೈಗೆ ತುಂಬಿದ ನೀರಿನ ಲೋಟ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಾರೆ. ನಾನೂ ಕೂತೆ. ಒಂದು ತೊಟ್ಟಾದರೂ ಚೆಲ್ಲಲಿ ಎಂದು ಬೇಡಿಕೊಂಡೆ, ಚೆಲ್ಲಲಿಲ್ಲ. “ಆಕ್ಸಿಲರೇಟರ್ ತುಳೀಬಾರದು ಸ್ವಾಮಿ, ಸವರಬೇಕು” ಎಂದು ನನಗೆ ಪಾಠ ಬೇರೆ. ಏರು ಬಂದಾಗ ಮಾತ್ರ ಕಾರು ಮುಂದೆ ಹೋಗುವ ಮೊದಲೇ ಎಂಜಿನ್ ಮಿಕ್ಸಿಯಂತೆ ಕಿರುಚಿಕೊಳ್ಳುತ್ತದೆ. ಆಗ ಅವರು ಏನೂ ಆಗದವರಂತೆ ರೇಡಿಯೊ ಜೋರು ಮಾಡುತ್ತಾರೆ. ಆ ಕಿರುಚಾಟವೊಂದೇ ನನಗಿದ್ದ ಸಮಾಧಾನ. ನಿನ್ನೆ ಸಿಗ್ನಲ್ಲಿನಲ್ಲಿ ನಮ್ಮಿಬ್ಬರ ಕಾರುಗಳೂ ಅಕ್ಕಪಕ್ಕ ನಿಂತವು. ಅವರ ಎಡಗೈ ಹೆಂಡತಿಯ ಕೈಯೊಳಗಿತ್ತು; ದೀಪ ಹಸಿರಾಗಿ ಕಾರು ಹೊರಟಾಗಲೂ ಆಕೆ ಅದನ್ನು ಬಿಡಲಿಲ್ಲ. “ನೋಡಿದ್ರಾ?” ಎಂದಳು ನನ್ನ ಹೆಂಡತಿ. ನಾನು ಸಿಡುಕಿ ಮೊದಲನೇ ಗೇರು ಹಾಕುತ್ತಾ, “ಅವರಿಗೇನು, ಗೇರು ಹಾಕೋ ಕೆಲಸ ಇಲ್ಲ” ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡು ಮೆಲ್ಲಗೆ, “ಇಷ್ಟೊತ್ತು ನಮ್ಮ ಕಾರೂ ನಿಂತೇ ಇತ್ತಲ್ಲ” ಎಂದಳು.