ಬಸ್ಸು ನೋಡಿ ಹಾಡಿದ ದಿನಗಳು

ಅರವತ್ತರ ದಶಕದಲ್ಲಿ ಹೊಸನಗರದ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನವರು ಬರುತ್ತಿದ್ದರು. ಬಂದವರಿಗೆಲ್ಲ ನಾನು ಹಾಡುತ್ತಿದ್ದುದು ಒಂದೇ ದೇವರನಾಮ. ಅದನ್ನು ಹೇಗೆ ಹಾಡಬೇಕೆಂಬುದನ್ನು ಅವರು ಇಳಿದ ಬಸ್ಸು ತೀರ್ಮಾನಿಸುತ್ತಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರಾದ ಅಪ್ಪನಿಗೆ, ಜಾತಕ ತಂದವರ ಮಾತಿಗಿಂತ ಬಸ್ಸಿನ ಬೋರ್ಡಿನ ಮೇಲೆ ನಂಬಿಕೆ ಹೆಚ್ಚು.

ತೀರ್ಥಹಳ್ಳಿ ಬಸ್ಸಾದರೆ ಗದ್ದೆಯುಳ್ಳ ಮನೆತನದವರು. ತಲೆ ಬಗ್ಗಿಸಿ, ನಿಧಾನವಾಗಿ, ಯಾವ ಬಳುಕೂ ಇಲ್ಲದೆ ಹಾಡಬೇಕು. ಹುಡುಗಿಗೆ ಬಹಳ ಬರುತ್ತದೆಂದು ಗೊತ್ತಾದರೆ ಪಾಪ, ಹೆದರಿಯಾರು! ಸಾಗರದ ಬಸ್ಸಾದರೆ ಸಂಗೀತ ಕೇಳಿದ ಪೇಟೆಯವರು. ಅವರಿಗೆ ಶುರುವಿನಲ್ಲಿ ಚೂರು ಆಲಾಪನೆ. ಜೋಗದ ಬಸ್ಸಾದರೆ ವಿದ್ಯುತ್ ಕೇಂದ್ರದವರು, ಮನೆಯಲ್ಲಿ ರೇಡಿಯೋ ಇರುವವರು. ಅವರಿಗೆ ಸಿನಿಮಾ ಧಾಟಿಯ ಚುರುಕು. ನಾನು ತಪ್ಪಿದರೆ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಕೆಮ್ಮುವಳು. ಒಂದು ಕೆಮ್ಮಿಗೆ ನಿಧಾನ, ಎರಡಕ್ಕೆ ಚುರುಕು.

ನಿಜವಾಗಿ ಕಲಿಸಿದವಳು ನಮ್ಮೊಂದಿಗೇ ಇದ್ದ ದೊಡ್ಡಮ್ಮ. ಮೂರನೇ ಚರಣ ನನ್ನ ಗಂಟಲಿಗೆಂದೇ ಹುಟ್ಟಿದ್ದು ಎನ್ನುತ್ತಿದ್ದಳು. ಆ ಚರಣವನ್ನು ಒಮ್ಮೆ, ನನ್ನ ಮನಸ್ಸಿಗೆ ಬಂದಂತೆ, ನಾಲ್ಕು ಜನರ ಮುಂದೆ ಹಾಡಬೇಕೆಂಬುದೊಂದೇ ನನ್ನ ಆಸೆ. ಆದರೆ ಮೊದಲ ಚರಣ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಬಂದುಬಿಡುತ್ತಿತ್ತು. ಉಪ್ಪಿಟ್ಟಿನ ಎದುರು ನಿಂತ ಸಂಗೀತವನ್ನು ನಾನಂತೂ ಕಾಣೆ. ಬರಬರುತ್ತಾ ಬೆಳಗಿನ ಅಭ್ಯಾಸವೂ ಮುಂದಿನ ಬಸ್ಸಿನ ತಾಲೀಮಾಯಿತು.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ತೀರ್ಥಹಳ್ಳಿ ಬಸ್ಸಿನಿಂದ ತಾಯಿ, ಮಗ ಇಳಿದರು. ನಾನು ತೂಕಡಿಸುವವಳಂತೆ ಶುರು ಮಾಡಿದೆ. ಹಾಡಿನ ನಡುವೆಯೇ ಅಪ್ಪ ಮೆಲ್ಲಗೆ ಗದ್ದೆಯ ವಿಚಾರ ತೆಗೆದರು.

"ಗದ್ದೆ ಎಲ್ಲಿಂದ ಬರ್ಬೇಕು? ಇವ್ನಿಗೆ ಜೋಗದಲ್ಲಿ ಕೆಲ್ಸ. ನಿನ್ನೆ ತೀರ್ಥಹಳ್ಳೀಲಿ ನನ್ ತಂಗಿ ಮನೇಲಿ ಉಳ್ಕಂಡಿದ್ವಿ ಅಷ್ಟೆ" ಎಂದರು ಆ ತಾಯಿ.

ಬಾಗಿಲಲ್ಲಿ ಎರಡು ಕೆಮ್ಮು. ನಾನು ಸಾಲಿನ ಮಧ್ಯದಲ್ಲೇ ಧಾಟಿ ಬದಲಿಸಿ ಹಾಡನ್ನು ದಡದಡ ಓಡಿಸಿದೆ.

ಹುಡುಗ ನಕ್ಕುಬಿಟ್ಟರು. ಮುಂದಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, "ನಾವ್ಯಾರೂ ಇಲ್ಲ ಅಂತ ತಿಳ್ಕಳಿ. ನಿಮ್ಗೆ ಹೆಂಗೆ ಬೇಕೋ ಹಂಗೆ, ಪೂರ್ತಿ ಹಾಡಿ" ಎಂದರು.

ಎರಡು ವರ್ಷ ಕಾದ ಮಾತು! ಬಾಯಿ ತೆರೆದೆ. ತೀರ್ಥಹಳ್ಳಿಯದು ಬಂತು, ನಿಲ್ಲಿಸಿದೆ. ಸಾಗರದ್ದು ಬಂತು, ಅದನ್ನೂ ನಿಲ್ಲಿಸಿದೆ. ಸೀದಾ ಮೂರನೇ ಚರಣಕ್ಕೆ ಹೋದೆ. ಮಾತುಗಳೆಲ್ಲ ನೆನಪಿದ್ದವು, ಅವನ್ನು ನಾನು ಹೇಗೆ ಹಾಡುತ್ತಿದ್ದೆನೆಂಬುದು ನೆನಪಿಗೆ ಬರಲಿಲ್ಲ. ತಲೆ ತಗ್ಗಿಸಿ ಕೂತೆ.

"ಎಷ್ಟು ನಾಚ್ಕೆ ನೋಡಿ ಹುಡ್ಗಿಗೆ! ನಮ್ಗೆ ಒಪ್ಗೆ" ಎಂದರು ಅವರ ತಾಯಿ. ಅಪ್ಪನ ಮುಖ ಅರಳಿತು. ಅಮ್ಮನ ಕೆಮ್ಮು ಆ ಗಳಿಗೆಯಲ್ಲೇ ವಾಸಿಯಾಯಿತು.

ಅವರು ಹೋದ ಮೇಲೆ ಹಿತ್ತಲಲ್ಲಿ ದೊಡ್ಡಮ್ಮನನ್ನು ತಬ್ಬಿಕೊಂಡು ಅತ್ತೆ. ಮನೆ ಬಿಡುವ ದುಃಖವೆಂದು ಅವಳು ಬೆನ್ನು ಸವರಿದಳು.

"ಮೂರನೇ ಚರಣ ನಾನು ಹೆಂಗೆ ಹಾಡ್ತಿದ್ದೆ? ಒಂದ್ಸಲ ತೋರ್ಸು ದೊಡ್ಡಮ್ಮ" ಎಂದೆ.

ಅವಳು ಹಾಡಿದಳು. ಚೆನ್ನಾಗಿಯೇ ಇತ್ತು, ಆದರೆ ಅದು ಅವಳ ಹಾಡಾಗಿತ್ತು.